ಉಗುರಿನಷ್ಟು ಹಸಿರು

ನರಸಿಂಹಾಚಾರ್ಯ ಮಾಸ್ತರರ ಬಲಗೈ ಹೆಬ್ಬೆರಳಿನ ಉಗುರು ಎಂದೂ ಸ್ವಚ್ಛವಾಗಿರುವುದಿಲ್ಲ. ಸವಣೂರಿನಲ್ಲಿ ಮಠದ ಓಣಿಯ ಮನೆ, ನಿತ್ಯ ಸ್ನಾನ, ಸಂಧ್ಯಾವಂದನೆ, ಗೋಪಿಚಂದನದ ಮುದ್ರೆ, ಎಲ್ಲ ಸರಿಯೇ. ಆದರೆ ಆ ಒಂದು ಉಗುರಿನ ಸಂದಿಯಲ್ಲಿ ಮಾತ್ರ ಕಪ್ಪು ಹಸಿರು ಕೊಳೆ. ಊಟಕ್ಕೆ ಕೂತಾಗ ಹೆಂಡತಿ ವಿಮಲಾಬಾಯಿಯ ಕಣ್ಣು ಮೊದಲು ಬೀಳುವುದು ಅಲ್ಲಿಗೇ. "ಏನ್ರೀ ಇದು, ಸಾರನ್ನ ಕಲಸೋ ಕೈ ಅದು. ಯಾರರೆ ನೋಡಿದ್ರ ಮಾಸ್ತರ ಅಂತಾರೋ, ಕಟಗಿ ಒಡಿಯಾಂವ ಅಂತಾರೋ?" ಎಂದು ಆಕೆ ದಿನಾ ಗೊಣಗುತ್ತಾಳೆ. ಮಾಸ್ತರರು ತಲೆ ಬಗ್ಗಿಸಿ ಉಣ್ಣುತ್ತಾರೆ.

ಕೊಳೆಯ ಮೂಲ ಇಷ್ಟೇ. ಮಾಸ್ತರರಿಗೆ ದಾರಿಯಲ್ಲಿ ಬೋಳು ಗಿಡ ಕಂಡರೆ ಸುಮ್ಮನೆ ಮುಂದೆ ಹೋಗಲು ಬರುವುದಿಲ್ಲ. ನಿಂತು, ಬಾಗಿ, ಒಂದು ಟೊಂಗೆಯ ತೊಗಟೆಯನ್ನು ಉಗುರಿನಿಂದ ಸಣ್ಣಗೆ ಕೆರೆದು ನೋಡುತ್ತಾರೆ. ಒಳಗೆ ಹಸಿರು ಕಂಡರೆ ಗಿಡಕ್ಕೆ ಜೀವ ಇದೆ, ಕಂದು ಕಂಡರೆ ಮುಗಿಯಿತು. ಈ ಹುಚ್ಚಿನಿಂದ ಶಿಗ್ಗಾಂವಿಯ ಬಸ್ಸು ಎಷ್ಟು ಸಲ ತಪ್ಪಿದೆಯೋ ಲೆಕ್ಕವಿಲ್ಲ. ಹಸಿರು ಕಂಡಾಗ ಮನುಷ್ಯನ ಮುಖ ಅರಳಬೇಕು, ಅಲ್ಲವೇ? ಇವರದು ಉಲ್ಟಾ. ಹಸಿರು ಕಂಡಾಗಲೇ ಇವರ ಮುಖ ಬಾಡುತ್ತದೆ. ಒಂಬತ್ತು ವರ್ಷದಿಂದ ಹೀಗೇ ನಡೆದಿದೆ, ಯಾರೂ ಗಮನಿಸಿಲ್ಲ. ನಮ್ಮ ಮಂದಿಗೆ ಮತ್ತೊಬ್ಬರ ಉಗುರು ಕಾಣುತ್ತದೆ, ಮುಖ ಕಾಣುವುದಿಲ್ಲ.

ಮಾಸ್ತರರ ಈಗಿನ ಕೆಲಸ ಮಾಸ್ತರರಿಗೇ ಪಾಠ ಹೇಳುವುದು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಪ್ರಾಥಮಿಕ ಶಾಲೆಯ ಮಾಸ್ತರರು, ಅಕ್ಕೋರುಗಳನ್ನು ತಂಡ ತಂಡವಾಗಿ ಕರೆಸಿ, ಮೂರು ದಿನ ಕೂಡಿಸಿ, ಕಾಡಿನ ಪಾಠವನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂದು ಕಲಿಸಬೇಕು. ತರಬೇತಿ ಅಂದರೆ ನಮ್ಮ ಮಾಸ್ತರಮಂದಿಗೆ ಎಷ್ಟು ಪ್ರೀತಿ ಅನ್ನುವುದು ಊರಿಗೇ ಗೊತ್ತು. ಹಾಜರಿ ಹಾಳೆಯಲ್ಲಿ ಸಹಿ ಬೀಳುವವರೆಗೆ ಅವಸರ, ಆಮೇಲೆ ಚಹಾ ಯಾವಾಗ ಅನ್ನುವ ಚಿಂತೆ, ಊಟವಾದ ಮೇಲೆ ಹಿಂದಿನ ಬೆಂಚಿನಲ್ಲಿ ಗೊರಕೆ. ಅಂಥವರನ್ನೂ ನರಸಿಂಹ ಮಾಸ್ತರರು ಎಬ್ಬಿಸಿ ಕೂಡಿಸುತ್ತಾರೆ.

ಹೇಗೆಂದರೆ, ಮೊದಲ ತಾಸಿನಲ್ಲಿ ಪುಸ್ತಕ ತೆರೆಯುವುದೇ ಇಲ್ಲ. ಒಬ್ಬೊಬ್ಬರ ಕೈಗೆ ಒಂದೊಂದು ಬೋಳು ಕಡ್ಡಿ ಕೊಡುತ್ತಾರೆ.

"ಇದು ಸತ್ತದೋ, ಇದ್ದದೋ ಹೇಳ್ರಿ."

"ಸತ್ತೈತ್ರಿ," ಎಂದು ನಲವತ್ತು ಬಾಯಿ ಒಟ್ಟಿಗೆ ಹೇಳುತ್ತವೆ.

"ಕೆರದು ನೋಡಿ ಹೇಳಿದ್ರೋ, ಕಣ್ಣಿಲೆ ನೋಡಿ ಹೇಳಿದ್ರೋ?"

ಆಗ ನಲವತ್ತು ಉಗುರು ಕೆಲಸಕ್ಕೆ ಬೀಳುತ್ತವೆ. ಅಲ್ಲಲ್ಲಿ "ಏ, ಹಸರ ಐತಲೇ ಇದು!" ಎಂಬ ಉದ್ಗಾರ ಏಳುತ್ತದೆ. ಮಾಸ್ತರರು ಬೋರ್ಡಿನ ಹತ್ತಿರ ನಿಂತು, "ಕೆರೀದ ಯಾವ ಗಿಡಾನೂ ಸತ್ತದ ಅನಬ್ಯಾಡ್ರಿ. ಕೇಳದ ಯಾವ ಹುಡುಗನ ಮಾತೂ ತಪ್ಪು ಅನಬ್ಯಾಡ್ರಿ. ಇಷ್ಟು ನೆನಪಿಟ್ರ ನನ್ನ ಮೂರು ದಿನದ ತರಬೇತಿ ಮುಗೀತು," ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಆ ಎರಡನೆಯ ಮಾತು ಹೇಳುವಾಗ ಅವರ ದನಿ ಸ್ವಲ್ಪ ಕಂಪಿಸುವುದನ್ನು ಜನ ಭಾಷಣದ ವರಸೆ ಎಂದುಕೊಳ್ಳುತ್ತಾರೆ.

ತರಬೇತಿಯ ಕೈಪಿಡಿಯಲ್ಲಿ ಇಪ್ಪತ್ತೆಂಟು ಪುಟ. ಹದಿನಾಲ್ಕನೆಯ ಪುಟದ ತಲೆಬರಹ "ಒಂದು ಮಗು, ಒಂದು ಗಿಡ". ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಸಸಿ ನೆಡಿಸಿ, ಹೆಸರಿನ ಫಲಕ ಕಟ್ಟಿ, ಆ ಮಗುವಿನ ಕೈಯಿಂದಲೇ ಬೆಳೆಸುವ ಚಟುವಟಿಕೆ. ಒಳ್ಳೆಯ ಪುಟ, ಚಿತ್ರವೂ ಚೆಂದ ಇದೆ. ಆ ಪುಟವನ್ನು ನರಸಿಂಹ ಮಾಸ್ತರರು ಒಂದು ತರಬೇತಿಯಲ್ಲೂ ಹೇಳಿಲ್ಲ. ಹದಿಮೂರು ಮುಗಿಸಿ, ಎಂಜಲು ಹಚ್ಚಿದ ಬೆರಳಿನಿಂದ ಹಾಳೆ ತಿರುಗಿಸಿ, ಎಡಗಡೆಯ ಪುಟ ನೋಡದೆ ಹದಿನೈದಕ್ಕೆ ಹೋಗಿಬಿಡುತ್ತಾರೆ.

ಈ ವರ್ಷ ಮಾರ್ಚಿಯಲ್ಲಿ, ಶಿಗ್ಗಾಂವಿಯ ತರಬೇತಿಯ ಎರಡನೆಯ ದಿನ, ಭಾಗ್ಯಶ್ರೀ ಎಂಬ ಅಕ್ಕೋರು ಎದ್ದು ನಿಂತಳು. ಹಿರೇಕೆರೂರು ತಾಲೂಕಿನವಳು, ನೌಕರಿ ಸೇರಿ ಎರಡು ವರ್ಷ ಆಗಿರಬೇಕು, ಇನ್ನೂ ಪ್ರಶ್ನೆ ಕೇಳುವ ಚಟ ಹೋಗಿರಲಿಲ್ಲ.

"ಸರ್, ಹದಿಮೂರರಿಂದ ಹದಿನೈದಕ್ಕ ಜಿಗದ್ರೆಲ್ಲರಿ?"

"ಅದು ಬ್ಯಾಡ. ಮುಂದ ನೋಡ್ರಿ."

"ಯಾಕ್ರೀ ಸರ್? ಚಲೋ ಐತೆಲ್ಲರಿ ಅದು."

"ಗಿಡಕ್ಕ ಮಕ್ಕಳ ಹೆಸರು ಇಡಬ್ಯಾಡ್ರಿ."

"ಅದಾ ಯಾಕಂತ ಕೇಳಾಕತ್ತೇನ್ರಿ."

"ಇಡಬ್ಯಾಡ್ರಿ ಅಂದ್ರ ಇಡಬ್ಯಾಡ್ರಿ!" ಎಂದು ಮಾಸ್ತರರು ಮೇಜು ಗುದ್ದಿದರು. ಹಿಂದಿನ ಬೆಂಚಿನ ಗೊರಕೆಯೂ ನಿಂತಿತು. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ ಇವರು. ಕೂಗಿದ್ದು ತಮ್ಮ ದನಿಯೇ ಎಂದು ಅವರಿಗೇ ನಂಬಿಕೆ ಬರಲಿಲ್ಲ.

ಭಾಗ್ಯಶ್ರೀ ಹೆದರಲಿಲ್ಲ, ಆದರೆ ದನಿ ಇಳಿಸಿದಳು. "ಸಿಟ್ಟಾಗಬ್ಯಾಡ್ರಿ ಸರ್. ನಮ್ಮ ಸಾಲ್ಯಾಗ ಹೆಸರಿಟ್ಟ ಮರಾ ಒಂದ ಐತ್ರಿ, ಅದಕ್ಕ ಕೇಳಿದ್ನಿ. ಮಾಲಾನ ಮರ ಅಂತಾರ್ರಿ. ಸಾಗವಾನಿ. ಆ ಹುಡುಗಿ ತೀರಿಕೊಂಡು ಹನ್ನೊಂದ ವರ್ಸ ಆತಂತ. ಆಕಿ ಅವ್ವ ಕರೆವ್ವ ಇನ್ನೂ ಸೋಮಾರಕ್ಕೊಮ್ಮೆ ಕೊಡಾ ಹೊತ್ಕೊಂಡ ಬಂದು ನೀರ ಹಾಕಿ ಹೋಗ್ತಾಳ್ರಿ. ಎರಡ ವರ್ಸದ ಹಿಂದ ನಾ ಹೊಸದಾಗಿ ಬಂದಾಗ ನೋಡಿ ಅತ್ತಬಿಟ್ನಿ."

ಮಾಸ್ತರರು ಕೈಪಿಡಿ ಮುಚ್ಚಿದರು. ಕುರ್ಚಿ ಹುಡುಕಿಕೊಂಡು ಕೂತರು. ನೀರು ಕೊಟ್ಟರು ಯಾರೋ.

ಕಷ್ಟ ಬಂದರೆ ಒಂಟಿಯಾಗಿ ಬರುತ್ತದೆಯೇ? ಮೂರನೆಯ ದಿನ ಎಂದಿನಂತೆ ಹಾನಗಲ್ಲ ಕಡೆಯ ಕಾಡಿಗೆ ಹೋಗಬೇಕಿತ್ತು. ಬೆಂಕಿಯ ಕಾಲ, ಒಣ ಎಲೆ ಮೊಣಕಾಲುದ್ದ ಬಿದ್ದಿದೆ, ನಲವತ್ತು ಮಂದಿಯನ್ನು ಒಳಗೆ ಬಿಡುವುದಿಲ್ಲ ಎಂದು ಅರಣ್ಯದವರು ಮಧ್ಯಾಹ್ನ ಫೋನ್ ಮಾಡಿದರು. "ಹಂಗಾರ ನಮ್ಮ ಸಾಲೀಗೆ ಬರ್ರಿ, ಮಾಲಾನ ಮರಾ ತೋರಸ್ತೇನಿ," ಎಂದಳು ಭಾಗ್ಯಶ್ರೀ. ಎಲ್ಲರೂ ಹೂಂ ಅಂದರು. ತರಬೇತಿಯ ಮೇಲಧಿಕಾರಿಗಳಂತೂ ಕುಣಿದರು: "ಆಚಾರ್ರ, ಈ ಕಥೀನ ಹದಿನಾಲ್ಕನೇ ಪುಟಕ್ಕ ಹಾಕೋಣ. ಹೊಸ ಕೈಪಿಡಿ ಅಚ್ಚಿಗೆ ಹೋಗ್ಲಿಕತ್ತದ. ನೀವೇ ಬರೀರಿ. ಆ ತಾಯಿ ಫೋಟೋ ಇರಲಿ."

ಸಂಜೆ ಸವಣೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮಾಸ್ತರರು ಟಿಕೆಟಿನ ದುಡ್ಡನ್ನು ಎರಡು ಸಲ ಕೊಡಲು ಹೋದರು. ಯಾಕೆಂದರೆ ಆ ಶಾಲೆಯಲ್ಲಿ ಅವರು ಮಾಸ್ತರಿಕೆ ಮಾಡಿದ್ದರು. ಆ ಮಾಲಾ ಅವರ ನಾಲ್ಕನೆಯ ಇಯತ್ತೆಯ ಹುಡುಗಿ. ಆ ಮರ ಮಾಲಾನ ಮರ ಅಲ್ಲ ಅನ್ನುವುದನ್ನು ಅವರು ಈ ಭೂಮಿಯ ಮೇಲೆ ಯಾರಿಗೂ ಹೇಳಿರಲಿಲ್ಲ.

ಊರು ಚಿಕ್ಕೇರೂರಿನ ಆಚೆ. ಹೆಸರು ಬೇಡ ಬಿಡಿ, ಹೇಳಿದರೆ ಆ ಊರಿನವರು ಜಗಳಕ್ಕೆ ಬಂದಾರು. ಹನ್ನೆರಡು ವರ್ಷದ ಹಿಂದೆ ಅಲ್ಲಿ ಮಾಸ್ತರರು ಬಹಳ ಹುರುಪಿನಿಂದ ಮಕ್ಕಳ ಹೆಸರಿನಲ್ಲಿ ಸಸಿ ನೆಡಿಸಿದ್ದರು. ಬೇವು, ಹುಲಗಲ, ನೇರಳೆ. ಒಂದು ಕಡಿಮೆ ಬಿತ್ತೆಂದು ನರ್ಸರಿಯವನು ಒಂದೇ ಒಂದು ಸಾಗವಾನಿ ಕೊಟ್ಟ. ಅದು ಮಾಲಾನ ಪಾಲಿಗೆ ಬಂತು. ತಗಡಿನ ಪಟ್ಟಿಯ ಮೇಲೆ ಬಣ್ಣದಿಂದ ಹೆಸರು ಬರೆಸಿ ಕಟ್ಟಿದರು. ಹುಡುಗಿ ಮಧ್ಯಾಹ್ನದ ಊಟ ಮುಗಿಸಿ, ತಟ್ಟೆ ತೊಳೆದ ನೀರನ್ನೂ ಅದಕ್ಕೇ ಹಾಕುತ್ತಿದ್ದಳು.

ಫಾಲ್ಗುಣ ಬಂತು. ಮಾಲಾನ ಗಿಡದ ಎಲೆ ಒಂದೊಂದೇ ಉದುರಿ, ಕಡೆಗೆ ನೆಟ್ಟಗೆ ನಿಂತ ಒಂದು ಕೋಲು ಉಳಿಯಿತು. ಅದೇ ಹೊತ್ತಿಗೆ, ಮಂಗಳವಾರ ಮೇಲಿನವರು ಗಿಡ ನೋಡಲು ಬರುತ್ತಾರೆ, ಒಂದೂ ಒಣಗಿರಬಾರದು ಎಂಬ ಸುದ್ದಿ ಬಂತು.

"ಮಾಲಾ, ನಿನ್ನ ಗಿಡಾ ಸತ್ತದಲ್ಲ," ಎಂದರು ಮಾಸ್ತರರು.

"ಇಲ್ರಿ ಸರ. ನಿದ್ದಿ ಮಾಡಾಕತ್ತೈತ್ರಿ."

"ಗಿಡಾ ನಿದ್ದಿ ಮಾಡ್ತದಂತ! ಯಾರು ಹೇಳಿದ್ರು ನಿನಗ?"

"ನಮ್ಮ ಮುತ್ಯಾನ ಹೊಲದಾಗಿಂದೂ ಹಿಂಗಾ ಮಾಡತೈತ್ರಿ. ಮಳಿ ಬಂದಮ್ಯಾಲೆ ಏಳತೈತ್ರಿ."

"ಹೋಗು, ಹದಿನಾರರ ಮಗ್ಗಿ ಬರಿ."

ನೋಡಿ, ಸಾಗವಾನಿ ಬೇಸಿಗೆಗೆ ಎಲೆ ಚೆಲ್ಲುತ್ತದೆ ಎನ್ನುವುದು ಆ ಊರಿನ ಕುರಿ ಕಾಯುವವನಿಗೂ ಗೊತ್ತು. ಮಾಸ್ತರರಿಗೆ ಗೊತ್ತಿರಲಿಲ್ಲ. ಯಾವ ಮರದ ಸಮಿಧೆ ಯಾವ ಗ್ರಹಕ್ಕೆ ಎಂದು ಕೇಳಿದರೆ ಮಂತ್ರ ಸಮೇತ ಹೇಳಬಲ್ಲ ಮನೆತನ ಅವರದು. ಮಣ್ಣಿಗೆ ಕೈ ಹಚ್ಚಿದವರು ಮಾತ್ರ ಏಳು ತಲೆಮಾರಿನಲ್ಲಿ ಇರಲಿಲ್ಲ. ಪುಸ್ತಕದ ಬದನೆಕಾಯಿ ಅನ್ನುತ್ತಾರಲ್ಲ, ಅದೇ. ಊರವರನ್ನು ಕೇಳಬಹುದಿತ್ತು, ಕೇಳಿದರೆ ಮಾಸ್ತರಿಕೆ ಎಲ್ಲಿ ಉಳಿಯಿತು?

ಅವರು ರವಿವಾರ ಹಿರೇಕೆರೂರಿನ ನರ್ಸರಿಗೆ ಹೋಗಿ, ನೆರಳಿನಲ್ಲಿ ಬೆಳೆದ, ಎಲೆ ತುಂಬಿದ ಒಂದು ಸಾಗವಾನಿ ತಂದರು. ಮಟಮಟ ಮಧ್ಯಾಹ್ನ ಶಾಲೆಯಲ್ಲಿ ಒಬ್ಬರೂ ಇಲ್ಲದಾಗ ಮಾಲಾನ ಗಿಡ ಕಿತ್ತರು. ಅದು ಸುಲಭವಾಗಿ ಬರಲಿಲ್ಲ. ಎರಡೂ ಕಾಲು ಊರಿ ಜಗ್ಗಬೇಕಾಯಿತು. ಬೇರು ಮೂಲಂಗಿಯಷ್ಟು ದಪ್ಪ ಇತ್ತು, ಮುಟ್ಟಿದರೆ ತಣ್ಣಗಿತ್ತು. ಅದನ್ನು ಹಿಂದಿನ ಗೋಡೆಯಾಚೆ ಜಾಲಿಕಂಟಿಗೆ ಒಗೆದು, ಹೊಸದನ್ನು ಊರಿ, ಅದೇ ತಗಡಿನ ಪಟ್ಟಿ ಕಟ್ಟಿ, ಕೈ ತೊಳೆದುಕೊಂಡರು. ಹುಡುಗಿಗೆ ಬೇಜಾರಾಗಬಾರದೆಂದು ಮಾಡಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಸುಳ್ಳು. ಮಂಗಳವಾರಕ್ಕೆ ಹೆದರಿ ಮಾಡಿದ್ದರು.

ಸೋಮವಾರ ಮಾಲಾ ಆ ಎಲೆಗಳ ಮುಂದೆ ಬಹಳ ಹೊತ್ತು ನಿಂತಳು. ಗಿಡ ನೋಡಿದಳು, ಪಟ್ಟಿ ನೋಡಿದಳು, ಮಾಸ್ತರರನ್ನು ನೋಡಿದಳು. ಊಟದ ನಂತರ ಎಂದಿನಂತೆ ನೀರು ಹಾಕಿದಳು.

ಮಳೆ ಬಿದ್ದ ಮೇಲೆ ಹುಡುಗಿಗೆ ಹೊಸ ಹಟ ಹತ್ತಿತು. "ಸರ, ಒಂದ ಸಲಾ ನಮ್ಮ ಹೊಲಕ್ಕ ಬರ್ರಿ. ಒಂದು ತೋರಸ್ತೇನ್ರಿ." ಐದು ಸಲ ಕೇಳಿದಳೋ, ಆರು ಸಲವೋ. ಹೊಲಕ್ಕೆ ಹೋದರೆ ಚಹಾ ಕುಡಿಯಿರಿ ಅನ್ನುತ್ತಾರೆ, ಒಲ್ಲೆ ಅಂದರೆ ಅವರಿಗೆ ಬೇಜಾರು, ಕುಡಿದರೆ ಮನೆಯಲ್ಲಿ ಮಡಿಯ ಮಾತು. ಈ ಎಡಬಿಡಂಗಿತನದಲ್ಲಿ ಮಾಸ್ತರರು ಪ್ರತಿ ಸಲ, "ಆತವಾ, ಬರೋ ರವಿವಾರ," ಅನ್ನುತ್ತಿದ್ದರು. ಶ್ರಾವಣದಲ್ಲಿ ಮಾಲಾಗೆ ಜ್ವರ ಬಂತು. ದೊಡ್ಡ ಊರಿನ ದವಾಖಾನೆಗೆ ಒಯ್ದರು. ಐದನೆಯ ದಿನಕ್ಕೆ ತಿರುಗಿ ತಂದರು, ಹೊತ್ತುಕೊಂಡು.

ಮಣ್ಣು ಮಾಡಿದ ಮರುದಿನ ಕರೆವ್ವ ಶಾಲೆಗೆ ಬಂದು ಆ ಸಾಗವಾನಿಯ ಮುಂದೆ ಕುಸಿದು ಕೂತಳು. "ಗಿಡಾ ಹಸರಾಗೈತಿ, ಕೂಸಿಲ್ಲ," ಎಂದು ಅತ್ತಳು. ಮಾಸ್ತರರು ವರಾಂಡದ ಕಂಬ ಹಿಡಿದು ನಿಂತಿದ್ದರು. ಗಿಡಕ್ಕೂ ಮನುಷ್ಯನ ಆಯುಷ್ಯಕ್ಕೂ ಸಂಬಂಧವಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಆ ತಣ್ಣನೆಯ ಬೇರು ಅಂಗೈಗೆ ಬೇರೆಯೇ ಹೇಳುತ್ತಿತ್ತು. ಮುಂದಿನ ವರ್ಗಾವಣೆಯಲ್ಲಿ ಬೇಡಿಕೊಂಡು ಆ ಊರು ಬಿಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ಕಾಲ ಮರೆಸುತ್ತಿತ್ತೇನೋ. ಎರಡು ವರ್ಷದ ನಂತರ ಹಾನಗಲ್ಲಿನಲ್ಲಿ ತರಬೇತಿಗೆ ಹೋದರು, ಆಗ ಇವರೂ ಹಿಂದಿನ ಬೆಂಚಿನವರೇ. ಕಾಡಿನಲ್ಲಿ ಮೂವತ್ತು ವರ್ಷ ಕಳೆದ ಗಾರ್ಡು ಪೀರಸಾಬ ಒಂದು ಬೋಳು ಕೋಲು ತಂದು ಉಗುರಿನಿಂದ ಕೆರೆದ. ಒಳಗೆ ಹಸಿರು.

"ಸಾಗವಾನಿ ಸರ. ಬ್ಯಾಸಗ್ಯಾಗ ಎಲಿ ಚೆಲ್ಲಿ ಮಕ್ಕೊಂತೈತಿ. ಮಂದಿ ಸತ್ತೈತಿ ಅಂತಾರ. ಕಿತ್ತ ಒಗದ್ರೂ ಸಾಯಂಗಿಲ್ರಿ ಇದು. ಬೇರಿಗೆ ಒಂದು ಹಿಡಿ ಮಣ್ಣು, ಒಂದು ಚರಿಗಿ ನೀರು ಸಿಕ್ರ ಸಾಕು."

ಮಾಸ್ತರರು ಎದ್ದು ಹೊರಗೆ ಹೋಗಿ, ಗೋಡೆ ಹಿಡಿದು, ಬೆಳಗ್ಗೆ ತಿಂದ ಅವಲಕ್ಕಿ ಕಕ್ಕಿದರು. ಬದುಕಿದ್ದ ಗಿಡ ಕಿತ್ತಿದ್ದೆ. ಹುಡುಗಿ ಹೇಳಿದ್ದಳು. ಬಾಯಿ ಬಿಟ್ಟು ಹೇಳಿದ್ದಳು.

ಅವತ್ತು ಹೊಕ್ಕ ಉಗುರಿನ ಹುಚ್ಚು ಬಿಡಲಿಲ್ಲ. ಇನ್ನೊಬ್ಬ ಮಾಸ್ತರ ಇಂಥ ತಪ್ಪು ಮಾಡಬಾರದೆಂದು ತಾವೇ ಕೇಳಿಕೊಂಡು ಈ ತರಬೇತಿಯ ಕೆಲಸಕ್ಕೆ ಸೇರಿದರು. ಕೆಲಸ ಸೇರಿದ ಮೇಲೆ ಇನ್ನೊಂದು ಶುರುವಾಯಿತು. ಹಾನಗಲ್ಲಿನ ಆಚೆ ಸಾಗವಾನಿ ಕಾಡಿನಲ್ಲಿ ಮಾರ್ಚಿ ತಿಂಗಳಲ್ಲಿ ನಡೆದರೆ ಒಣ ಎಲೆ ಕಾಲಡಿಗೆ ಹಪ್ಪಳದಂತೆ ಮುರಿಯುತ್ತದೆ. ಮಾಸ್ತರರು ನಡೆದರೆ ಹಿಂದೆ ಸಣ್ಣ ಕಾಲುಗಳು ನಡೆದಂತೆ ಸಪ್ಪಳ. ನಿಂತರೆ ಅದೂ ನಿಲ್ಲುತ್ತಿತ್ತು. ಒಂದು ಸಲ ಗಾಬರಿಯಾಗಿ ತಿರುಗಿ, "ಯಾರದು?" ಎಂದು ಕೂಗಿದ್ದರು. ಜೊತೆಗಿದ್ದ ಪೀರಸಾಬ ನಕ್ಕ. "ಎಲಿ ಸರ, ಎಲಿ." ಮಾಸ್ತರರು ನಗಲಿಲ್ಲ. ಬಾಗಿ ಕೆರೆದು ಹಸಿರು ಕಂಡಾಗಲೆಲ್ಲ, ಕಿವಿಯ ಪಕ್ಕದಲ್ಲೇ ಒಂಬತ್ತು ವರ್ಷದ ಹುಡುಗಿಯ ದನಿ ಕೇಳುತ್ತಿತ್ತು: ನಿದ್ದಿ ಮಾಡಾಕತ್ತೈತ್ರಿ ಸರ.

ಈಗ ನಾಳೆ ಏನು ಮಾಡುವುದು? ಸುಮ್ಮನಿದ್ದರೆ ತಾವೇ ಬರೆದ ಸುಳ್ಳು ಅಚ್ಚಾಗಿ ನಾಲ್ಕು ತಾಲೂಕಿನ ಶಾಲೆಗೆ ಹೋಗುತ್ತದೆ. ಹೇಳಿದರೆ, ಆ ತಾಯಿಗೆ ಉಳಿದಿರುವ ಒಂದೇ ಗಿಡವನ್ನು ಕಿತ್ತುಕೊಂಡಂತಾಗುತ್ತದೆ. ಎರಡನೆಯ ಸಲ ಕೀಳುವುದು. ಉಗುಳಲೂ ಆಗದ ನುಂಗಲೂ ಆಗದ ತುತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ವಿಮಲಾಬಾಯಿ ಉಗುರಿನ ಬಗ್ಗೆ ಏನೂ ಅನ್ನಲಿಲ್ಲ. ಗಂಡನ ಮುಖವನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದಳು. "ಮೈಯಾಗ ಅರಾಮ ಇಲ್ಲೇನ್ರೀ?" ಎಂದಳು. "ಅರಾಮ ಅದ," ಎಂದು ಎದ್ದರು.

ಮರುದಿನ ಬಾಡಿಗೆಯ ಬಸ್ಸು ಹತ್ತೂವರೆಗೆ ಆ ಶಾಲೆಯ ಮುಂದೆ ನಿಂತಿತು. ಮಾಸ್ತರರು ಎಲ್ಲರಿಗಿಂತ ಕೊನೆಗೆ ಇಳಿದು, ಹಳೆಯ ರೂಢಿಯಂತೆ ಗೇಟಿನ ಹತ್ತಿರ ಚಪ್ಪಲಿ ಬಿಟ್ಟರು. ಮರ ಎರಡಾಳು ಮೇಲೆ ಏರಿತ್ತು, ಒಂದೂ ಎಲೆ ಇರಲಿಲ್ಲ. ತಗಡಿನ ಪಟ್ಟಿಯನ್ನು ತೊಗಟೆ ಅರ್ಧ ನುಂಗಿತ್ತು, "ಮಾ" ಎನ್ನುವಷ್ಟೇ ಹೊರಗಿತ್ತು. ಬುಡದಲ್ಲಿ ಕರೆವ್ವ ಕೊಡ ಇಟ್ಟುಕೊಂಡು ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ಸೋಮವಾರ ಅಲ್ಲದಿದ್ದರೂ ಭಾಗ್ಯಶ್ರೀ ಹೇಳಿಕಳಿಸಿದ್ದಕ್ಕೆ ಬಂದಿದ್ದಳು. ಮಾಸ್ತರರನ್ನು ನೋಡಿ ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು.

"ಆಚಾರ ಸರ ಬಂದ್ರೆಲ್ಲ," ಎಂದಳು. "ಅರಾಮ ಅದೀರಿ?"

ಭಾಗ್ಯಶ್ರೀ ಬೆರಗಾಗಿ ಇಬ್ಬರನ್ನೂ ನೋಡಿದಳು. ಇವರು ಇಲ್ಲಿದ್ದವರೆಂಬುದು ಆಕೆಗೆ ಗೊತ್ತೇ ಇರಲಿಲ್ಲ. ನಲವತ್ತು ಮಂದಿ ಸುತ್ತ ನಿಂತರು, ಹತ್ತಾರು ಫೋನು ಮೇಲೆದ್ದವು. "ಹಂಗಾರ ನೀವಾ ಹೇಳ್ರಿ ಸರ್, ಮಾಲಾನ ಮರದ ಕಥಿ," ಎಂದಳು.

ಮಾಸ್ತರರು ಬಾಯಿ ತೆರೆದರು.

"ಇದು ಮಾಲಾನ ಗಿಡ ಅಲ್ಲ."

ಫೋನುಗಳು ಇಳಿದವು.

"ಮಾಲಾನ ಗಿಡ ನಾ ಕಿತ್ತು ಒಗದೆ. ಬದುಕಿತ್ತು ಅದು. ಆಕಿ ಹೇಳಿದ್ಲು, ನಾ ಕೇಳಲಿಲ್ಲ. ನೋಡ್ಲಿಕ್ಕೆ ಬರೋವ್ರಿಗೆ ಅಂಜಿ ಬ್ಯಾರೆ ಸಸಿ ತಂದು ಇಟ್ಟೆ. ಕರೆವ್ವಾ, ಹನ್ನೊಂದು ವರ್ಷ ನೀ ನೀರು ಹಾಕಿದ್ದು ನನ್ನ ಸುಳ್ಳಿಗೆ." ಅವರ ಕೈಗಳು ತಾವಾಗಿಯೇ ಜೋಡಿಕೊಂಡವು. ಕಣ್ಣೀರು ಗಡ್ಡದ ಕುರುಚಲಿನಲ್ಲಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಕರೆವ್ವ ಕೊಡ ಎತ್ತಿ, ಉಳಿದ ನೀರನ್ನು ಬುಡಕ್ಕೆ ಪೂರ್ತಿ ಸುರಿದಳು.

"ಗೊತ್ತೈತ್ರಿ," ಎಂದಳು.

ಮಾಸ್ತರರಿಗೆ ಅರ್ಥವಾಗಲಿಲ್ಲ.

"ಅವತ್ತ ಸೋಮಾರ ಸಂಜೀಕ ಗ್ವಾಡಿ ಹಿಂದಿನ ಕಂಟ್ಯಾಗಿಂದ ಹುಡಿಕಿ ತಂದ್ಲ್ರಿ ಅದನ್ನ. ಕೈತುಂಬ ಮುಳ್ಳು. ಹಸೀ ಗೋಣಿಚೀಲ ಸುತ್ತಿ ಹೊಲದ ಬದುವಿಗೆ ಹಚ್ಚಿದ್ಲು. ನಾ ಬೈದ್ನಿ, ಸರಗ ಹೋಗಿ ಕೇಳ್ತೇನಿ ಅಂದ್ನಿ. ಬ್ಯಾಡಬೇ ಅವ್ವಾ, ನಂದು ಹೊಲದಾಗ ಇರಲಿ, ಸಾಲ್ಯಾಗಿಂದು ಸರಂದು. ಸರಗ ಹೇಳಬ್ಯಾಡ, ಅಂಜ್ತಾರ ಅಂದ್ಲು."

ಸರ ಅಂಜ್ತಾರ. ನಾಲ್ಕನೆಯ ಇಯತ್ತೆಯ ಹುಡುಗಿಗೆ ಅಷ್ಟು ಗೊತ್ತಾಗಿತ್ತು.

"ಹಂಗಾರ ಇದಕ್ಕ ಯಾಕ ನೀರು..."

"ನಿಮ್ಮದಲ್ರಿ ಇದು? ಆಕಿ ಇರೂತನಾ ಆಕಿ ಹಾಕಿದ್ಲು. ಆಕಿ ಹೋದಮ್ಯಾಲೆ ಯಾರ ಹಾಕ್ಬೇಕು? ನೀವಂತೂ ಊರಾ ಬಿಟ್ರಿ." ಅದರಲ್ಲಿ ಆಕ್ಷೇಪಣೆ ಇತ್ತೋ ಇಲ್ಲವೋ ಹೇಳುವುದು ಕಷ್ಟ. ಕರೆವ್ವ ಖಾಲಿ ಕೊಡವನ್ನು ಸೊಂಟಕ್ಕೆ ಏರಿಸಿದಳು. ಆಮೇಲೆ ಅವಳ ದನಿ ಬೇರೆಯಾಯಿತು. "ಸರ, ನಂದೂ ಒಂದ ಐತ್ರಿ. ಹೇಳ್ಲೇನ್ರಿ?"

"ಹೇಳವಾ."

"ಮಳಿ ಬಿದ್ದಮ್ಯಾಲೆ ಅದು ಚಿಗತ್ರಿ. ಎರಡ ಎಲಿ. ಸರಗ ತೋರಸ್ತೇನಿ, ಸರಗ ತೋರಸ್ತೇನಿ ಅಂತ ಹಾರ್ಯಾಡಿದ್ಲು. ನೀವು ಬರೂ ಐತವಾರ, ಬರೂ ಐತವಾರ ಅಂದ್ರಿ. ದವಾಖಾನ್ಯಾಗ ಕಡೀ ದಿನ ಕಣ್ಣ ತಗದು, ಅವ್ವಾ, ಸರ ಬಂದು ನೋಡ್ಯಾರೇನ ಅಂತ ಕೇಳಿದ್ಲ್ರಿ. ನೋಡ್ಯಾರವಾ, ಭಾಳ ಖುಷಿ ಆಗ್ಯಾರ ಅಂದ್ನಿ. ಸುಳ್ಳ ಹೇಳಿ ಕಳಿಸಿಬಿಟ್ನ್ರಿ ಕೂಸಿಗೆ." ಕರೆವ್ವ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಹನ್ನೊಂದ ವರ್ಸ ಅದೊಂದ ಸುಳ್ಳು ನನ್ನ ತಿನ್ನಾಕತ್ತೈತ್ರಿ. ಬದುವಿಗೆ ಹೋದ್ರ ಆ ಗಿಡದ ಮಾರಿ ನೋಡಾಕ ಆಗವಲ್ದು. ಈಗರೆ ಬರ್ರಿ ಸರ. ಖರೇ ಆಗ್ಲಿ."

ಮಾಸ್ತರರು ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟರು.

ಹೊಲ ಹತ್ತು ನಿಮಿಷದ ದಾರಿ. ಹತ್ತು ನಿಮಿಷ! ಮುಂದೆ ಕರೆವ್ವ, ಹಿಂದೆ ಬರಿಗಾಲಿನ ಮಾಸ್ತರರು, ಅವರ ಹಿಂದೆ ಭಾಗ್ಯಶ್ರೀ, ಅವಳ ಹಿಂದೆ ನಲವತ್ತು ಮಂದಿ. ಹೊಲದ ಗುಡಿಸಲಿನ ಮುಂದೆ ಕರೆವ್ವಳ ಗಂಡ ಚಂದ್ರಪ್ಪ ಚಹಾಕ್ಕೆ ಇಟ್ಟಿದ್ದ. ಬಂದವರನ್ನು ನೋಡಿ, ಅವನು ಸ್ಟೀಲಿನ ಲೋಟ ತುಂಬಿ ಮಾಸ್ತರರ ಮುಂದೆ ಹಿಡಿದ. "ಒಲ್ಲೆ ಅನ್ನಬ್ಯಾಡ್ರಿ," ಎಂದ. ಮಾಸ್ತರರು ನಿಂತಲ್ಲೇ, ಸುಡುಸುಡುವ ಚಹಾವನ್ನು ತಳದವರೆಗೆ ಕುಡಿದರು.

ಬದುವಿನ ಮೇಲೆ ಅದು ನಿಂತಿತ್ತು. ಶಾಲೆಯದಕ್ಕಿಂತ ದಪ್ಪ. ಬುಡದಲ್ಲಿ ಸ್ವಲ್ಪ ಡೊಂಕು, ಒಗೆದಾಗ ಪೆಟ್ಟಾಗಿದ್ದ ಜಾಗವಿರಬೇಕು. ಎಲೆ ಒಂದೂ ಇಲ್ಲ. ಕೆಳಗೆ ಬಿದ್ದ ಒಣ ಎಲೆಗಳ ಮೇಲೆ ಮಾಸ್ತರರು ಕಾಲಿಟ್ಟರು. ಹಿಂದೆ ಸಣ್ಣ ಹೆಜ್ಜೆಯ ಸಪ್ಪಳ ಬಂತು, ಕಾಡಿನಲ್ಲಿ ಬರುತ್ತಿದ್ದದ್ದೇ. ಈ ಸಲ ಅವರು ತಿರುಗಿ ನೋಡಲಿಲ್ಲ. ಬರಲಿ ಎಂದು ನಿಧಾನ ನಡೆದರು.

ಕರೆವ್ವ ಮರಕ್ಕೆ ಅಂಗೈ ಹಚ್ಚಿ, ಬಾಗಿಲಲ್ಲಿ ನಿಂತು ಒಳಗಿದ್ದವರಿಗೆ ಹೇಳುವಂತೆ ಹೇಳಿದಳು: "ಮಾಲಾ, ಸರ ಬಂದಾರ ನೋಡವಾ."

ಗಾಳಿ ಇರಲಿಲ್ಲ. ಭಾಗ್ಯಶ್ರೀ ಮೆಲ್ಲಗೆ ಹತ್ತಿರ ಬಂದಳು. ಒಂದು ಟೊಂಗೆ ಕೈಗೆ ಸಿಗುವಷ್ಟು ಕೆಳಗೆ ಬಾಗಿತ್ತು. ಅದನ್ನು ಹಿಡಿದು ಮಾಸ್ತರರ ಕಡೆ ಚಾಚಿ, "ಕೆರದು ನೋಡ್ತೀರೇನ್ರಿ ಸರ್?" ಎಂದು ಕೇಳಿದಳು.

ಮಾಸ್ತರರ ಹೆಬ್ಬೆರಳು ರೂಢಿಯಂತೆ ಮೇಲೆ ಎದ್ದಿತು. ತೊಗಟೆಯ ಹತ್ತಿರ ಹೋಯಿತು. ಅಲ್ಲಿಂದ ಅದನ್ನು ಹಿಂದಕ್ಕೆ ತೆಗೆದು, ಮುಷ್ಟಿಯೊಳಗೆ ಮಡಚಿಕೊಂಡರು.

"ಬ್ಯಾಡವಾ," ಎಂದರು. "ನಿದ್ದಿ ಮಾಡಾಕತ್ತೈತಿ."